ಅಂಚಿನ ಪೆಟ್ಟು

ಮಾರ್ಚ್ 3, ಮಂಗಳವಾರ

ಬರೆಯದೆ ಬಿಡೋಣ ಎಂದುಕೊಂಡದ್ದನ್ನೇ ಮೊದಲು ಬರೆದುಬಿಡುತ್ತೇನೆ. ಒಂದು ಏಟಲ್ಲ, ಮೂರು.

ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಒಂದು ಎಂದಿದೆ. ಕೆಳಗೆ ನನ್ನ ಸಹಿ ಇದೆ. ತಂಗಿಯ ಹೇಳಿಕೆಯಲ್ಲೂ ಒಂದೇ. ಅವಳದಕ್ಕೆ ಎಡಗೈ ಹೆಬ್ಬೆರಳಿನ ಗುರುತು. ಬಲಗೈಯ ಎರಡು ಬೆರಳು ಮುರಿದಿವೆ. ಈ ದಿನಚರಿಯನ್ನು ಓದುವವರು ಯಾರೂ ಇಲ್ಲ. ಆದರೂ ಇಲ್ಲಿಯೂ ಒಂದು ಎಂದೇ ಬರೆಯಲು ಪೆನ್ನು ತೆಗೆದಿದ್ದೆ. ಯಾರಿಗಾಗಿ ಎಂದು ಕೇಳಿಕೊಂಡೆ. ಉತ್ತರ ಸಿಗಲಿಲ್ಲ. ಆದ್ದರಿಂದ ಮೂರು.

ಭಾನುವಾರ ಬೆಳಿಗ್ಗೆ ಹತ್ತೂವರೆ. ನಾಣ್ಯ ಸಂಗ್ರಹಿಸುವವರ ಬಳಗದ ತಿಂಗಳ ಸಭೆಗೆ ಹೊರಟಿದ್ದೆ. ಹೊಸಬರಿಗೆ ಹಂಚಲೆಂದು ಹಳೆಯ ದೊಡ್ಡ ತಾಮ್ರದ ನಾಣ್ಯಗಳನ್ನು ದಪ್ಪ ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೇಜಿನ ಮೇಲೆ ಇಟ್ಟಿದ್ದೆ. ಸುಮಾರು ಮೂರು ಕೆ.ಜಿ. ತಂಗಿ ಗಂಡನ ಮನೆ ಬಿಟ್ಟು ನನ್ನಲ್ಲಿಗೆ ಬಂದು ಒಂಬತ್ತು ದಿನವಾಗಿತ್ತು. ಬಾಗಿಲು ಬಡಿದಾಗ ಪತ್ರಿಕೆಯ ದುಡ್ಡಿಗೆ ಬಂದವನೆಂದು ಅವಳೇ ಹೋಗಿ ತೆರೆದಳು.

ತಂಗಿಯ ಗಂಡ ಕನ್ನಡಕದಂಗಡಿ ಇಟ್ಟವನು. ಮೆದುಮಾತಿನವನು. ಜನ ಅವನ ಮುಂದೆ ಗದ್ದ ಎತ್ತಿ, ಕಣ್ಣು ಬಿಟ್ಟು, ನಂಬಿ ಕೂರುತ್ತಾರೆ. ಕನ್ನಡಕದ ಕಡ್ಡಿ ಸರಿಮಾಡುವಾಗ ಅವನ ಬೆರಳು ಕಿವಿಯ ಹಿಂದೆ ಓಡಾಡಿದ್ದೇ ತಿಳಿಯುವುದಿಲ್ಲ. ಅದೇ ಕೈ ಹನ್ನೊಂದು ವರ್ಷಗಳಲ್ಲಿ ನನ್ನ ತಂಗಿಯ ಒಂದು ಪಕ್ಕೆಲುಬು, ಎರಡು ಹಲ್ಲು ಮುರಿದಿದೆ. ಎಡಗಿವಿ ಅರ್ಧ ಕೇಳಿಸುವುದಿಲ್ಲ. ಪ್ರತಿ ಸಲವೂ ಅವಳು ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಪ್ರತಿ ಸಲವೂ ನಾನು ನಂಬಿದ್ದೆ. ನಂಬಿದ್ದೆನೇ, ಅಥವಾ ನಂಬುವುದು ನನಗೆ ಅನುಕೂಲವಾಗಿತ್ತೇ?

ಅವನು ಬೈಯಲಿಲ್ಲ, ಕೂಗಲಿಲ್ಲ. "ಬಾ, ಮನೆಗೆ ಹೋಗೋಣ" ಎಂದ. ಅವಳು ಹಿಂದೆ ಸರಿದಳು. ಅವನು ಜಡೆ ಹಿಡಿದು, ಕೈಗೆ ಎರಡು ಸುತ್ತು ಸುತ್ತಿಕೊಂಡು ಎಳೆದ. ಅವಳ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಮತ್ತೆ ಬಡಿಯಿತು. ಎರಡನೆಯದು ಆಕಸ್ಮಿಕವಾಗಿರಲಿಲ್ಲ, ಅವನು ಕೈಯನ್ನು ಹಿಂದಕ್ಕೆ ಒಯ್ದದ್ದು ಕಂಡಿತು. ನನ್ನ ಕೈಗೆ ಚೀಲ ಸಿಕ್ಕಿತು. ಕಟ್ಟಿದ ಬಾಯಿಯನ್ನೇ ಹಿಡಿದು ಬೀಸಿದೆ. ಕುತ್ತಿಗೆಯ ಬುಡಕ್ಕೆ ಬಿತ್ತು. ಅವನು ಜಡೆ ಬಿಟ್ಟು ಕುಸಿದ.

ಹೇಳಿಕೆ ಇಲ್ಲಿಗೆ ಮುಗಿಯುತ್ತದೆ, ಅದರಲ್ಲಿ ಈ ಒಂದು ಏಟು ಮುಖಕ್ಕೆ ಬಿದ್ದಿದೆ.

ಅವನು ಅಂಗಾತ ಬಿದ್ದಿದ್ದ. ಕನ್ನಡಕ ಒಂದೇ ಕಿವಿಯಿಂದ ನೇತಾಡುತ್ತಿತ್ತು. ಅಂಗೈ ಎತ್ತಿ "ಒಂದ್ನಿಮಿಷ, ಅಕ್ಕಾವ್ರೇ" ಎಂದ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ. ತಂಗಿ "ಸಾಕು" ಎಂದಳು. ನನಗೆ ಎರಡೂ ಸ್ಪಷ್ಟವಾಗಿ ಕೇಳಿಸಿದವು. ಎರಡನೆಯ ಏಟು ಮುಖದ ಎಡಭಾಗಕ್ಕೆ. ಹಸಿ ಕಟ್ಟಿಗೆ ಸೀಳಿದಂಥ ಸದ್ದು. ಮೂರನೆಯದಕ್ಕೆ ಚೀಲದ ಹೊಲಿಗೆ ಬಿಚ್ಚಿ ನಾಣ್ಯಗಳು ಮನೆ ತುಂಬ ಉರುಳಿದವು.

ಮೂರನೆಯದು ಎಲ್ಲಿಗೆ ಬಿತ್ತೆಂಬುದನ್ನು ನಾಳೆ ಬರೆಯುತ್ತೇನೆ. ಕೈ ನೋಯುತ್ತಿದೆ.

ಮಾರ್ಚ್ 5, ಗುರುವಾರ

ಕೆಲಸಕ್ಕೆ ಹೋದೆ. ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಬಾಟಲಿ ಬರುತ್ತದೆ, ಅದರೊಳಗೆ ಏನಿದೆಯೋ ಅದನ್ನು ಬರೆದು ಕೊಡುತ್ತೇನೆ. ಎಷ್ಟು ಇರಬೇಕಿತ್ತು ಎಂದು ಯಾರಾದರೂ ಸೂಚಿಸಿದರೆ ಹೊರಗೆ ಕಳಿಸುತ್ತೇನೆ.

ಒಳಗೆ ಕಾಲಿಡುತ್ತಿದ್ದಂತೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಉಪಕರಣದ ಕೋಣೆಯವನು ಎರಡು ಹೆಜ್ಜೆ ಹಿಂದೆ ಹಾರಿ, "ದಾರಿ ಬಿಡ್ರಪ್ಪಾ, ಮೇಡಂ ಕೈಲಿ ಬ್ಯಾಗಿದೆ!" ಎಂದ. ಊಟದ ಡಬ್ಬಿ ಇದ್ದ ಕೈಚೀಲ ಅದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಲವಂತದ ನಗುವಲ್ಲ. ಖುಷಿಯಾಯಿತು ಎಂಬುದನ್ನೂ ಬರೆಯಬೇಕು.

ಸಂಜೆ ತನಿಖಾಧಿಕಾರಿ ಮನೆಗೆ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಬೂಟು ಕಳಚಿಟ್ಟು ಒಳಗೆ ಬಂದಳು. ಘಟನೆಯ ದಿನ ಹರಿದ ಚೀಲವನ್ನೂ ನಾಣ್ಯಗಳನ್ನೂ ಅವಳೇ ತೆಗೆದುಕೊಂಡು ಹೋಗಿದ್ದಳು. ಆಗ ಪ್ಲಾಸ್ಟಿಕ್ ಕವರಿಗೆ ಹಾಕಲು ಹೊರಟಾಗ ನಾನು, "ಪ್ಲಾಸ್ಟಿಕ್ ಬೇಡ, ಕಾಗದದ ಲಕೋಟೆಗೆ ಹಾಕಿ, ಇಲ್ದಿದ್ರೆ ಹಸಿರು ಹಿಡಿಯತ್ತೆ" ಎಂದೆನಂತೆ. ನನಗೆ ನೆನಪಿಲ್ಲ. ಅವಳು ಇಂದು ನಗುತ್ತ ಹೇಳಿದಳು.

"ಎಡಗಣ್ಣು ಹೋಯ್ತು ಅವನದ್ದು. ಕೆನ್ನೆ ಮೂಳೆ ಮೂರು ಚೂರು. 'ಬಿದ್ದ ಮೇಲೂ ಹೊಡೆದ್ರು' ಅಂತಾನೆ. ಎಲ್ಲರೂ ಹಾಗೇ ಅನ್ನೋದು ಬಿಡಿ. ಒಂದೇ ಏಟು ತಾನೆ ಮೇಡಂ?"

ನಾನು ಬಾಯಿ ತೆರೆದೆ. ಏನು ಹೇಳಲಿದ್ದೆನೋ ನಿಜಕ್ಕೂ ಗೊತ್ತಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತ ತಂಗಿ, "ಒಂದೇ ಮೇಡಂ. ಬೆರಳು ಅವರೇ ತಿರುಚಿದ್ದು, ಅದಕ್ಕೂ ಮುಂಚೆ" ಎಂದಳು. ಉಸಿರು ತೆಗೆದುಕೊಳ್ಳದೆ, ತಡವರಿಸದೆ.

"ಬೆರಳು ಮುರಿದಿದ್ದಕ್ಕೆ ಬೇರೆ ಕಲಂ ಬೀಳತ್ತೆ. ಅವನನ್ನ ಒಳಗೆ ಹಾಕೋಕೆ ಅದೇ ಸಾಕು. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು" ಎಂದಳು ಅಧಿಕಾರಿ.

ಅವಳು ಹೋದ ಮೇಲೆ ನಾವಿಬ್ಬರೂ ಆ ಮಾತೆತ್ತಲಿಲ್ಲ. ಬಾಗಿಲ ಬಳಿ ಹೊಸ ಕಾಲೊರಸು ಕಂಡಿತು, ಚೌಕಟ್ಟಿನಿಂದ ಎರಡಡಿ ಒಳಗೆ. ಅಲ್ಲಿ ಯಾರು ಕಾಲೊರಸು ಹಾಕುತ್ತಾರೆ? ಕೇಳಲಿಲ್ಲ.

ಮಾರ್ಚ್ 7, ಶನಿವಾರ

ಬೀಗ ಬದಲಾಯಿಸಿದೆ. ಅವನ ಅಣ್ಣ ತಮ್ಮಂದಿರು ಬಂದರೆ? ಎರಡು ಕೀಲಿ ಕೊಟ್ಟರು, ಎರಡೂ ನನ್ನ ಕೈಚೀಲದಲ್ಲಿವೆ.

"ನಂಗೊಂದು?" ಎಂದಳು ತಂಗಿ.

"ನೀನು ಹೋಗೋದಾದ್ರೂ ಎಲ್ಲಿಗೆ ಈಗ?"

"ಅದೂ ನಿಜ ಅನ್ನು."

ಮಾರ್ಚ್ 8, ಭಾನುವಾರ

ಇಡೀ ದಿನ ನಾಣ್ಯಗಳ ಜೊತೆ. ಮನಸ್ಸು ಹತೋಟಿಗೆ ಬರಲು ಇದಕ್ಕಿಂತ ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಕಾಲೇಜಿನ ದಿನಗಳಲ್ಲಿ ಕೊಂಡ ಮೊದಲ ಆಲ್ಬಮ್ ಹೊರತೆಗೆದೆ. ಮೆದು ಪ್ಲಾಸ್ಟಿಕ್ಕಿನ ಜೇಬುಗಳದ್ದು. ಆಗ ಅದೇ ಸುರಕ್ಷಿತ ಎಂದುಕೊಂಡಿದ್ದೆ. ಇಪ್ಪತ್ತು ವರ್ಷಗಳಲ್ಲಿ ಆ ಪ್ಲಾಸ್ಟಿಕ್ಕೇ ಬೆವತು, ಆಮ್ಲ ಬಿಟ್ಟು, ಒಳಗಿನ ನಾಣ್ಯಗಳಿಗೆ ಹಸಿರು ಲೋಳೆ ಹಚ್ಚಿದೆ.

ತಂಗಿ ಎದುರು ಬಂದು ಕೂತಳು. ಅವಳು ಬಟ್ಟೆ ಹೊಲಿಯುವವಳು. ಹಳೆಯ ಬಟ್ಟೆಯನ್ನು ಬಿಚ್ಚಿ ಮೈಗೆ ತಕ್ಕ ಹಾಗೆ ಮಾಡಿಕೊಡುವುದರಲ್ಲಿ ಹೆಸರುವಾಸಿ. ಸುಮ್ಮನೆ ಕೂರುವುದು ಅವಳಿಗೆ ಬರುವುದಿಲ್ಲ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿಸಿದೆ, ಕೈ ಜಾರಿದರೂ ನಾಣ್ಯಕ್ಕೆ ಪೆಟ್ಟಾಗದಿರಲಿ ಎಂದು. ಕಿಟಕಿ ತೆರೆದು, ಒಲೆ ಆರಿಸಿ, ಗಾಜಿನ ಬಟ್ಟಲಿಗೆ ಅಸಿಟೋನ್ ಸುರಿದೆ. ಅದರಲ್ಲಿ ಮುಳುಗಿಸಿಟ್ಟರೆ ಪ್ಲಾಸ್ಟಿಕ್ಕಿನ ಜಿಡ್ಡು ತಾನಾಗಿ ಬಿಡುತ್ತದೆ. ಆಮೇಲೆ ಭಟ್ಟಿ ಇಳಿಸಿದ ನೀರು, ಆಮೇಲೆ ಮೆತ್ತನೆಯ ಬಟ್ಟೆಯ ಮೇಲೆ ಒತ್ತಿ ಆರಿಸುವುದು.

"ಉಜ್ಜಬಾರ್ದಾ? ಬೇಗ ಆಗತ್ತಲ್ಲ" ಎಂದಳು.

"ಉಜ್ಜಿದ್ರೆ ಹೋಯ್ತು. ಹೊಳೆಯತ್ತೆ, ಆದ್ರೆ ಸತ್ತಿರತ್ತೆ."

"ಅಪ್ಪನ ಹಡಗಿನ ಥರ" ಎಂದು ತಕ್ಷಣ ತುಟಿ ಕಚ್ಚಿಕೊಂಡಳು.

ಅಪ್ಪನ ಜೇಬಿನಲ್ಲಿ ಮೂವತ್ತು ವರ್ಷ ಓಡಾಡಿದ ತಾಮ್ರದ ನಾಣ್ಯ ಅದು. ಒಂದು ಬದಿಗೆ ಮೂರು ಕಂಬದ ಹಡಗು. ಅವರ ಬೆರಳ ಬೆವರಿಗೆ ಗಾಢ ಕಂದು ಬಣ್ಣ ತಿರುಗಿತ್ತು. ಮದುವೆಯಾದ ಹೊಸದರಲ್ಲಿ ತಂಗಿಯ ಗಂಡ ಅದನ್ನು ಕೇಳದೆ ತೆಗೆದುಕೊಂಡು ಹೋಗಿ, ಕನ್ನಡಕದ ಗಾಜು ಉಜ್ಜುವ ಯಂತ್ರಕ್ಕೆ ಹಿಡಿದು, ಫಳಫಳ ಮಾಡಿ, ಡಬ್ಬಿಯಲ್ಲಿಟ್ಟು ನನಗೆ ಉಡುಗೊರೆ ಕೊಟ್ಟ. ಹಡಗಿನ ಕಂಬಗಳು ಅಳಿಸಿಹೋಗಿದ್ದವು. "ನೋಡಿ ಅಕ್ಕಾವ್ರೇ, ಹೊಸದರ ಹಾಗೆ!" ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ಪರವಾಗಿಲ್ಲ" ಎಂದೆ. ಅಂದು ಅವನನ್ನು ಕೊಲ್ಲಬೇಕೆನ್ನಿಸಿತ್ತು. ಮಾತಿಗೆ ಹೇಳುವುದಲ್ಲ.

ಸಂಜೆ ಗುಡಿಸುವಾಗ ಕಪಾಟಿನ ಕೆಳಗೆ ಒಂದು ತಾಮ್ರದ ನಾಣ್ಯ ಸಿಕ್ಕಿತು. ಆ ದಿನದ್ದು. ಪೊಲೀಸರ ಕಣ್ಣು ತಪ್ಪಿದ್ದು. ಅಂಚು ಒಂದು ಕಡೆ ಚಪ್ಪಟೆಯಾಗಿದೆ. ಕಾಗದದ ಲಕೋಟೆಗೆ ಹಾಕಿಟ್ಟೆ.

ಮಾರ್ಚ್ 14, ಶನಿವಾರ

ಈ ವಾರ ಬರೆಯುವಂಥದ್ದೇನೂ ಇರಲಿಲ್ಲ. ಇಂದು ಬೆಳಿಗ್ಗೆ ತಂಗಿ ಆಸ್ಪತ್ರೆಗೆ ಫೋನ್ ಮಾಡಿ ಅವನ ಕಣ್ಣಿನ ಬಗ್ಗೆ ವಿಚಾರಿಸುತ್ತಿದ್ದಳು. ನನ್ನ ಬೆನ್ನ ಹಿಂದೆ, ದನಿ ತಗ್ಗಿಸಿ. ಮಾತಿಗೆ ಮಾತು ಬೆಳೆಯಿತು. ಫೋನ್ ಗೋಡೆಗೆ ತಗುಲಿ ಒಡೆದುಹೋಯಿತು. ಹೊಸದು ಕೊಡಿಸುತ್ತೇನೆ ಎಂದೆ.

ಅವಳು ಎಡಗೈಯಿಂದಲೇ ಗಾಜಿನ ಚೂರುಗಳನ್ನು ಗುಡಿಸಿದಳು. ಬಗ್ಗಿಕೊಂಡೇ, "ಟೀ ಮಾಡ್ಲಾ ಅಕ್ಕ?" ಎಂದಳು. ಅವಳು ಚೇತರಿಸಿಕೊಳ್ಳುತ್ತಿದ್ದಾಳೆ. ದನಿ ಮೆತ್ತಗಾಗಿದೆ. ಬಂದ ಹೊಸದರಲ್ಲಿ ಇದ್ದ ಎದುರು ಮಾತು ಈಗಿಲ್ಲ. ನಾನು ಒಳಗೆ ಬಂದಾಗ ಎದ್ದು ನಿಲ್ಲುತ್ತಾಳೆ.

ಮಾರ್ಚ್ 15, ಭಾನುವಾರ

ಗಡಿಯಾರದವರು ಬಂದಿದ್ದರು. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ ಈಗ ಅಂಗಡಿ ಮುಚ್ಚಿದ್ದಾರೆ. ನಮ್ಮ ಬಳಗದ ಹಿರಿಯರು. ಭೂತಗನ್ನಡಿಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡೇ ಓಡಾಡುತ್ತಾರೆ.

"ನಿಮ್ಮ ಭಾಷಣ ಇಲ್ದೆ ಸಭೆ ಬೇಗ ಮುಗೀತು ಮೇಡಂ. ಎಲ್ಲರಿಗೂ ಬೇಜಾರು. ನಂಗೆ ಮಾತ್ರ ಖುಷಿ" ಎಂದರು. ತಂಗಿಗೆ, "ಏನಮ್ಮಾ, ನಿಮ್ಮಕ್ಕನ ಚೀಲಕ್ಕೆ ಲೈಸೆನ್ಸ್ ಮಾಡಿಸಿದ್ರಾ?" ಎಂದರು. ತಂಗಿ ನಕ್ಕಳು, ನನ್ನ ಕಡೆ ನೋಡಿ ನಗು ನಿಲ್ಲಿಸಿದಳು.

ಕಪಾಟಿನ ಕೆಳಗೆ ಸಿಕ್ಕ ನಾಣ್ಯವನ್ನು ಅವರಿಗೆ ಯಾಕೆ ತೋರಿಸಿದೆ? ಹೆಮ್ಮೆಗಿರಬೇಕು. ಅವರು ಎರಡು ಬೆರಳಲ್ಲಿ ಅಂಚು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಕಣ್ಣಿಗೆ ಗಾಜು ಇಟ್ಟುಕೊಂಡರು.

"ಅಂಚಿನ ಪೆಟ್ಟು. ಹೊಸದು, ಒಳಗಿನ ತಾಮ್ರ ಇನ್ನೂ ಕೆಂಪಗಿದೆ. ಹದಿನೈದು ದಿನಕ್ಕಿಂತ ಹಳೇದಲ್ಲ."

"ಆ ದಿನದ್ದೇ."

"ಪೆಟ್ಟಿನ ಒಳಗೆ ಬೂದು ಪುಡಿ ಕೂತಿದೆ ನೋಡಿ. ಸಿಮೆಂಟು." ಗಾಜು ಕೆಳಗಿಳಿಸಿದರು. "ಮನುಷ್ಯನ ತಲೇಲಿ ಸಿಮೆಂಟಿರಲ್ಲ ಮೇಡಂ."

"ಚೀಲ ಹರಿದಾಗ ನೆಲಕ್ಕೆ ಬಿದ್ದಿರಬೇಕು."

"ಸೊಂಟದೆತ್ತರದಿಂದ ಬಿದ್ದ ನಾಣ್ಯಕ್ಕೆ ಗೀರು ಬೀಳತ್ತೆ. ಹೀಗೆ ಚಪ್ಪಟೆ ಆಗಲ್ಲ. ಇದು ಭಾರದ ಜೊತೆ, ಜೋರಾಗಿ ನೆಲಕ್ಕೆ ಕುಟ್ಟಿದ್ದು." ಅವರು ನಮ್ಮಿಬ್ಬರ ಮುಖವನ್ನೂ ನೋಡದೆ ನಾಣ್ಯವನ್ನು ಟವೆಲ್ ಮೇಲೆ ಇಟ್ಟರು. "ಬೇಕಾದ್ರೆ ಬ್ರಷ್ಷಲ್ಲಿ ಉಜ್ಜಿದ್ರೆ ಹೋಗ್ಬಿಡತ್ತೆ. ಆದ್ರೆ ಇಪ್ಪತ್ತು ವರ್ಷದಿಂದ ತೊಳೀಬೇಡಿ ತೊಳೀಬೇಡಿ ಅಂತ ನಮ್ಮ ತಲೆ ತಿಂದಿದ್ದು ನೀವೇ. ನಾನು ಬರ್ಲಾ?"

ಟೀ ಲೋಟ ಅರ್ಧಕ್ಕೇ ಬಿಟ್ಟು ಹೋದರು. ಕಾಲೊರಸು ಎತ್ತಿ ನೋಡಿದೆ. ನೆಲದಲ್ಲಿ ಬೆರಳ ತುದಿ ಹಿಡಿಸುವಷ್ಟು ಗುಂಡಿ. ಪಕ್ಕದಲ್ಲಿ ಎರಡು ಚಿಕ್ಕವು. ನಾನು ಕಂಡೆನೆಂದು ತಂಗಿಗೆ ಗೊತ್ತಾಯಿತು. ಅವಳು ಕಾಲೊರಸನ್ನು ಮತ್ತೆ ಸರಿಯಾಗಿ ಎಳೆದಳು, ಉದ್ದ ತೋಳಿನ ರವಿಕೆ ಎಳೆದುಕೊಳ್ಳುತ್ತಿದ್ದ ಹಾಗೆ.

ಮಾರ್ಚ್ 18, ಬುಧವಾರ

ಹಲ್ಲುಜ್ಜುವ ಬ್ರಷ್ ಮತ್ತು ಆ ನಾಣ್ಯ ಮುಂದಿಟ್ಟುಕೊಂಡು ಕಾಲು ಗಂಟೆ ಕೂತಿದ್ದೆ. ಉಜ್ಜಲಿಲ್ಲ. ಅಭ್ಯಾಸ ತಡೆಯಿತೋ ಮನಸ್ಸಾಕ್ಷಿಯೋ ಗೊತ್ತಿಲ್ಲ. ಅಭ್ಯಾಸವೇ ಇರಬೇಕು.

ಪ್ರಯೋಗಾಲಯದಲ್ಲಿ ಹೊಸ ಸಹಾಯಕಿ ಬಾಟಲಿಯ ಚೀಟಿ ತಪ್ಪಾಗಿ ಅಂಟಿಸಿದ್ದಳು. ಬೈದೆ. ಅವಳು ಅತ್ತಳು. ಅಷ್ಟಕ್ಕೆಲ್ಲ ಅಳುವುದೇ?

ಮಾರ್ಚ್ 22, ಭಾನುವಾರ

ಒಂದು ಚಿಕ್ಕ ವಿಷಯ. ತಂಗಿ ಅಡುಗೆಮನೆಯಲ್ಲಿ ನಿಂತಿದ್ದಳು. ಅವಳ ತಲೆಯ ಮೇಲಿನ ಅಟ್ಟದಿಂದ ಸಕ್ಕರೆ ಡಬ್ಬಿ ತೆಗೆಯಲು ಕೈ ಎತ್ತಿದೆ. ಅವಳು ಕುಕ್ಕರಗಾಲಲ್ಲಿ ಕುಸಿದು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಳು. ಬಲಗೈಯ ಕಟ್ಟು ಒಲೆಯ ಅಂಚಿಗೆ ತಗುಲಿ ನೋವಿಗೆ ನರಳಿದಳು, ಆದರೂ ತೋಳು ತೆಗೆಯಲಿಲ್ಲ.

"ಸಕ್ಕರೆ ಕಣೆ" ಎಂದೆ.

"ಹೂಂ. ಸಕ್ಕರೆ" ಎಂದಳು ತೋಳುಗಳ ಒಳಗಿನಿಂದ.

ಅವನು ಈ ಹುಡುಗಿಯನ್ನು ಎಷ್ಟು ಹಾಳು ಮಾಡಿಬಿಟ್ಟಿದ್ದಾನೆ. ಎರಡೂ ಕಣ್ಣು ಹೋಗಿದ್ದರೆ ಚೆನ್ನಾಗಿತ್ತು.

ಮಾರ್ಚ್ 26, ಗುರುವಾರ

ಆರು ಗಂಟೆಗೆ ಮನೆಗೆ ಬಂದು ಬೀಗ ತೆಗೆದೆ. ತಂಗಿ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ತಲೆ ಬಾಚಿತ್ತು. ಕಾಲಲ್ಲಿ ಚಪ್ಪಲಿ. ತೊಡೆಯ ಮೇಲೆ ಕೈಚೀಲ, ಅದರ ಮೇಲೆ ಆಸ್ಪತ್ರೆಯ ಚೀಟಿ.

"ಎಕ್ಸ್-ರೇ ಇತ್ತು ಇವತ್ತು. ಹನ್ನೊಂದಕ್ಕೆ."

"ಅಯ್ಯೋ, ಮರ್ತೇಹೋಯ್ತು. ಕಿಟಕಿಯಿಂದ ಯಾರನ್ನಾದ್ರೂ ಕೂಗ್ಬೇಕಿತ್ತು."

"ಏನಂತ ಕೂಗ್ಲಿ? ನಮ್ಮಕ್ಕ ಬೀಗ ಹಾಕ್ಕೊಂಡು ಹೋಗಿದಾಳೆ ಅಂತಾನಾ?"

"ನಿನ್ನ ಒಳ್ಳೇದಕ್ಕೇ ಹಾಕಿದ್ದು."

"ಗೊತ್ತು. ನಂಗೆ ಕೆಲಸ ಕೊಡೋ ಹೊಲಿಗೆ ಅಂಗಡಿಯವರ ಮನೇಲಿ ಮೇಲಿನ ಕೋಣೆ ಖಾಲಿ ಇದೆ. ನಾನು ಅಲ್ಲಿಗೆ ಹೋಗ್ತೀನಿ."

ಎದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ. ಬಲಗೈಯದು. "ಯಾರಿಗೋಸ್ಕರ ಮಾಡ್ದೆ ನಾನಿದನ್ನೆಲ್ಲಾ? ಹೇಳು. ಯಾರಿಗೋಸ್ಕರ?"

"ಕೈ ಬಿಡು ಅಕ್ಕ."

"ಹೇಳು ಅಂದ್ನಲ್ಲ!"

"ಅವನೂ ಇದನ್ನೇ ಕೇಳ್ತಿದ್ದ."

ಆಗ ನಾನು ಕೈ ಬಿಡಬೇಕಿತ್ತು. ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದೆ. ಕಟ್ಟಿನ ಒಳಗೆ ಏನೋ ಸರಿದಂತಾಯಿತು. ಅವಳು ಕೂಗಲಿಲ್ಲ. ಕೂಗದಿರುವುದು ಅವಳಿಗೆ ಚೆನ್ನಾಗಿ ಗೊತ್ತಿದೆ. ನನ್ನ ಮುಖದಿಂದ ಕಣ್ಣು ತೆಗೆಯದೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು:

"ಚೀಲ ಹೊಲಿದಿದ್ದು ನಾನು. ಎರಡೆಳೆ ದಾರ, ಎರಡು ಸಾಲು ಹೊಲಿಗೆ. ಒಂದೇಟಿಗೆ ಬಿಚ್ಚೋದಲ್ಲ ಅದು. ಮೂರನೇದು ನಿಲ್ಲಿಸೋಕೆ ಅವನ ಮುಖದ ಮೇಲೆ ಕೈ ಅಡ್ಡ ಇಟ್ಟೆ. ನೀನು ನೋಡಿದೆ."

"ನೋಡಲಿಲ್ಲ ಕಣೆ."

"ಸರಿ, ನೋಡಲಿಲ್ಲ. ಕೈ ಮೇಲೆ ಬಿತ್ತು, ಅಲ್ಲಿಂದ ಜಾರಿ ನೆಲಕ್ಕೆ ಬಿತ್ತು. ಆಮೇಲೆ ನಾನು ಬೆರಳು ಹಿಡ್ಕೊಂಡು ಕೂತಿದ್ದೆ. ಅವನು ಕೆಮ್ಮಿದಾಗೆಲ್ಲ ಬಾಯಿಂದ ರಕ್ತ. ನೀನು ಏನ್ ಮಾಡ್ತಿದ್ದೆ ಗೊತ್ತಾ? ಟವೆಲ್ ಹಾಸಿ ನಾಣ್ಯ ಹೆಕ್ತಿದ್ದೆ. ಅಂಚು ಹಿಡ್ಕೊಂಡು. ಒಂದಕ್ಕೊಂದು ತಾಕದ ಹಾಗೆ."

ನನಗೆ ಟವೆಲ್ ನೆನಪಿದೆ. ನೀಲಿ. ಅದನ್ನು ಯಾರು ಹಾಸಿದರೆಂದು ಈವರೆಗೆ ಕೇಳಿಕೊಂಡಿರಲಿಲ್ಲ.

"ಹಾಗಾದ್ರೆ ಪೊಲೀಸರಿಗೆ ಯಾಕೆ ಸುಳ್ಳು ಹೇಳ್ದೆ?"

"ನಿನ್ನ ಉಳಿಸೋಕೆ ಅಂದ್ಕೊಂಡ್ಯಾ? ಅಭ್ಯಾಸ ಅಕ್ಕ. ಮೂಳೆ ಮುರಿದ ತಕ್ಷಣ ಬಾಯಿಗೆ ಸುಳ್ಳು ಬಂದ್ಬಿಡತ್ತೆ ನಂಗೆ. ಯಾವಾಗ್ಲೂ ಬಚ್ಚಲು ಅಂತಿದ್ದೆ, ಈ ಸಲ ಅವನು ಅಂದೆ. ಅಷ್ಟೆ."

ಕೈ ಬಿಟ್ಟೆ. ಕೀಲಿಯನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ತೆಗೆದುಕೊಂಡು ಹೊರಗೆ ಹೋದಳು. ಅರ್ಧ ಗಂಟೆಯ ಮೇಲೆ ಬಂದಳು. ರಸ್ತೆಯ ಕೊನೆಯವರೆಗೆ ನಡೆದು ಬಂದಳಂತೆ.

ಮಾರ್ಚ್ 27, ಶುಕ್ರವಾರ

ರಜೆ ಹಾಕಿ ಎಕ್ಸ್-ರೇಗೆ ಕರೆದುಕೊಂಡು ಹೋದೆ. ನಡುಬೆರಳು ಪೂರ್ತಿ ಮಡಚುವುದಿಲ್ಲವಂತೆ, ಇನ್ನೆಂದಿಗೂ. ಸೂಜಿ ಹಿಡಿಯಲು ಬೇರೆ ರೀತಿ ಕಲಿಯಬೇಕು ಎಂದರು ವೈದ್ಯರು. "ಗಂಡ ಮಾಡಿದ್ದಾ?" ಎಂದು ಕೇಳಿದರು. ತಂಗಿ ನನ್ನ ಕಡೆ ನೋಡಲಿಲ್ಲ. ಉತ್ತರವನ್ನೂ ಕೊಡಲಿಲ್ಲ.

ಮಾರ್ಚ್ 29, ಭಾನುವಾರ

ಹಿಂದಿನ ಪುಟಗಳನ್ನು ಓದಿದೆ. ಪ್ರಯೋಗಾಲಯದ ವರದಿಯಾಗಿದ್ದರೆ ವಾಪಸು ಕಳಿಸುತ್ತಿದ್ದೆ.

ತಿದ್ದುಪಡಿ: ಫೋನ್ ಗೋಡೆಗೆ ತಗುಲಲಿಲ್ಲ, ನಾನು ಎಸೆದೆ. ಗೋಡೆಯಲ್ಲಿ ಗುರುತಿದೆ, ತಂಗಿಯ ತಲೆಯಿಂದ ಒಂದು ಗೇಣು ದೂರಕ್ಕೆ. ಅಟ್ಟದ ಕೆಳಗೆ ಅವಳು ಹೆದರಿದ್ದು ಅವನನ್ನು ನೆನೆದಲ್ಲ, ನನ್ನನ್ನು ನೋಡಿ.

ಮೂರನೆಯ ಏಟಿನ ಬಗ್ಗೆ ನಾಳೆ ಬರೆಯುತ್ತೇನೆಂದು ಬರೆದು ಇಪ್ಪತ್ತಾರು ದಿನವಾಯಿತು. ತಂಗಿಯ ಕೈ ಕಂಡೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಕಂಡದ್ದು ಹೇಳಬಲ್ಲೆ. ಮೊದಲ ಏಟು ಅವಳಿಗಾಗಿಯೇ ಹೊಡೆದದ್ದು. ಮತ್ತೆ ಹಾಗೆಯೇ ಆದರೆ ಮತ್ತೆ ಹೊಡೆಯುತ್ತೇನೆ. ಎರಡನೆಯದು ಆ "ಒಂದ್ನಿಮಿಷ" ಎಂಬ ಮಾತಿಗೆ. ಮೂರನೆಯದನ್ನು ಎತ್ತುವಾಗ ನನ್ನ ಕಣ್ಣ ಮುಂದೆ ತಂಗಿ ಇರಲಿಲ್ಲ. ಅವಳ ಪಕ್ಕೆಲುಬಿಲ್ಲ, ಹಲ್ಲಿಲ್ಲ. ಕಂಬಗಳಿಲ್ಲದ ಹಡಗಿತ್ತು. ಹನ್ನೊಂದು ವರ್ಷ ತಂಗಿಯ ಮೈಯ ಗಾಯಗಳನ್ನು ನೋಡಿ ನೋಡದಂತೆ ಇದ್ದವಳು, ಒಂದು ನಾಣ್ಯದ ಗಾಯವನ್ನು ದಿನಾ ನೆನೆದಿದ್ದೆ. ಆ ಏಟು ಗುರಿ ಮುಟ್ಟಿದ್ದರೆ ಅವನು ಸಾಯುತ್ತಿದ್ದ. ಮುಟ್ಟದಂತೆ ಮಾಡಿದ್ದು ನಾನಲ್ಲ, ಅವಳ ಎರಡು ಬೆರಳು.

ತನಿಖಾಧಿಕಾರಿಗೆ ಪತ್ರ ಬರೆಯಲು ಕೂತೆ. ಖುದ್ದಾಗಿ ಹೋದರೆ ಆಗದು, ಅವಳು ನನ್ನ ಮೇಲಿನ ಕರುಣೆಯಿಂದ "ಒಂದೇ ತಾನೆ ಮೇಡಂ?" ಎಂದುಬಿಡುತ್ತಾಳೆ, ನಾನು ಹೂಂ ಎಂದುಬಿಡುತ್ತೇನೆ.

ಏಪ್ರಿಲ್ 1, ಬುಧವಾರ

ಪತ್ರ ನಾಲ್ಕು ಪುಟವಾಗಿತ್ತು. ಮೂರು ಪುಟ ನನ್ನ ಮನಃಸ್ಥಿತಿಯ ಬಗ್ಗೆ. ಅವನ್ನು ಹರಿದೆ. ಈಗ ಒಂದೇ ಪುಟ.

ಏಪ್ರಿಲ್ 2, ಗುರುವಾರ

ಕೆಲಸದಿಂದ ಬಂದು, ತಂಗಿಗೆ ಪತ್ರ ಕೊಟ್ಟೆ. ಕಿಟಕಿಯ ಬಳಿ ನಿಂತು ಎರಡು ಸಲ ಓದಿದಳು.

"ಇದನ್ನ ಕಳಿಸಿದ್ರೆ ಅವನು ಗೆದ್ದ ಹಾಗಲ್ವಾ?"

"ಅವನು ಮಾಡಿದ್ದೂ ಅದ್ರಲ್ಲಿದೆ. ಜಡೆ, ಚೌಕಟ್ಟು, ಹನ್ನೊಂದು ವರ್ಷ. ನಂಗೆ ಗೊತ್ತಿರೋವಷ್ಟು."

"ನಿಂಗೆ ಗೊತ್ತಿರೋದು ಕಾಲು ಭಾಗ." ಪುಟವನ್ನು ತಿರುಗಿಸಿ ನೋಡಿದಳು. "ನಿನ್ನ ಕೆಲಸ ಹೋಗ್ಬೋದು."

"ಹೋಗ್ಬೋದು."

"ಜೈಲೂ ಆಗ್ಬೋದು."

"ವಕೀಲರನ್ನ ಕೇಳಿದೆ. ಆಗ್ಬೋದು, ಆಗದೇನೂ ಇರ್ಬೋದು ಅಂದ್ರು."

"ಅದನ್ನ ಹೇಳೋಕೆ ವಕೀಲರು ಬೇಕಾ? ನಾನೇ ಹೇಳ್ತಿದ್ದೆ." ನನಗೆ ನಗು ಬಂತು. ಅವಳಿಗೂ ಬಂತು, ಆದರೆ ನನ್ನ ಕೈ ಎಲ್ಲಿದೆ ಎಂದು ಮೊದಲು ನೋಡಿಕೊಂಡಳು.

ಆಮೇಲೆ ಪತ್ರವನ್ನು ಮೇಜಿನ ಮೇಲಿಟ್ಟು, ಒಂದು ಸಾಲಿನ ಮೇಲೆ ಎಡಗೈ ಬೆರಳಿಟ್ಟಳು. ನಾನು ಅವಳ ಬೆರಳು ಮುರಿದೆ, ಅವಳು ನನ್ನನ್ನು ಉಳಿಸಲು ಸುಳ್ಳು ಹೇಳಿದಳು ಎಂದು ಬರೆದಿದ್ದ ಸಾಲು.

"ಮುರಿದೆ ಅನ್ನೋವರೆಗೂ ನಿಂದು, ಅದು ಇರಲಿ. ಆಮೇಲಿನದು ನಂದು. ನಾನು ಯಾಕೆ ಸುಳ್ಳು ಹೇಳ್ದೆ ಅಂತ ಯಾರೂ ನನ್ನ ಪರವಾಗಿ ಬರೀಬೇಕಿಲ್ಲ. ಅವನು ಮಾಡಿದ್ದನ್ನೂ ನಾನೇ ಬರೀತೀನಿ. ಎಲ್ಲಾನೂ. ಬಚ್ಚಲು ಒಂದೊಂದನ್ನೂ."

"ಎಡಗೈಲಾ?"

"ಕೋಳಿ ಕಾಲಿನ ಥರ ಬರತ್ತೆ. ಓದ್ಕೊಳ್ಳಲಿ ಕಷ್ಟಪಟ್ಟು."

ಏಪ್ರಿಲ್ 4, ಶನಿವಾರ

ತಂಗಿ ಮಧ್ಯಾಹ್ನ ಹೋದಳು. ಹೊಲಿಗೆ ಅಂಗಡಿಯವರು ಗಾಡಿ ತಂದಿದ್ದರು. ಒಂದು ಪೆಟ್ಟಿಗೆ, ಹೊಲಿಗೆ ಯಂತ್ರ. ಯಂತ್ರದ ಒಂದು ಬದಿಗೆ ನಾನು ಕೈ ಹಾಕಿದೆ, ಬೇಡ ಎನ್ನಲಿಲ್ಲ. ಹೊಸ ಫೋನಿನ ಸಂಖ್ಯೆ ಕೇಳಿದೆ. "ನಾನೇ ಮಾಡ್ತೀನಿ" ಎಂದಳು. ಯಾವಾಗ ಎಂದು ಕೇಳಬೇಕೆನ್ನಿಸಿತು, ನಾಲಿಗೆ ಕಚ್ಚಿಕೊಂಡೆ.

ಹೊರಡುವ ಮುಂಚೆ ಕಾಲೊರಸನ್ನು ಎತ್ತಿ, ಹೊರಗೆ ಕೊಡವಿ, ಹೊಸ್ತಿಲಿನ ಆಚೆ ಹಾಕಿದಳು, ಅದು ಇರಬೇಕಾದ ಕಡೆ. ನೆಲದ ಗುಂಡಿ ಈಗ ಎಲ್ಲರಿಗೂ ಕಾಣುತ್ತದೆ. ಒಳಗೆ ಬರುವವರು ಅದನ್ನು ದಾಟಿಯೇ ಬರಬೇಕು.

ಅವಳ ಹೇಳಿಕೆ ಏಳು ಪುಟ. ಅಂಟಿಸಿದ ಲಕೋಟೆಯಲ್ಲಿದೆ, ನನಗೆ ಓದಲು ಕೊಡಲಿಲ್ಲ. ಎರಡೂ ಒಟ್ಟಿಗೆ ಹೋಗಲಿ ಎಂದು ನನ್ನ ಕೈಗೆ ಕೊಟ್ಟಳು. ಕೊಡುವಾಗ ಒಂದು ಕ್ಷಣ ಬಿಡದೆ ಹಿಡಿದಿದ್ದಳು. ಅದನ್ನು ನಾನು ಅಂಚಿನಲ್ಲಿ ಹಿಡಿದುಕೊಂಡೆ.

ನಾಣ್ಯವನ್ನು ಚಿಕ್ಕ ಕಾಗದದ ಲಕೋಟೆಗೆ ಹಾಕಿ ಪತ್ರದ ಜೊತೆ ಇಟ್ಟಿದ್ದೇನೆ. ತೊಳೆದಿಲ್ಲ. ಸಿಮೆಂಟು ಇದ್ದ ಹಾಗೇ ಇದೆ. ಭೂತಗನ್ನಡಿಯಲ್ಲಿ ಕೊನೆಯ ಸಲ ನೋಡಿದಾಗ ಪೆಟ್ಟಿನ ಒಳಗಿನ ಕೆಂಪು ಸ್ವಲ್ಪ ಮಾಸಿತ್ತು. ಇನ್ನೊಂದು ವರ್ಷಕ್ಕೆ ಪೂರ್ತಿ ಕಂದಾಗುತ್ತದೆ, ಆಮೇಲೆ ಅದು ಎಂದಿನ ಪೆಟ್ಟೆಂದು ಗಡಿಯಾರದವರಿಗೂ ಹೇಳಲಾಗದು.

ನಾಳೆ ಭಾನುವಾರ, ಅಂಚೆ ಕಚೇರಿ ತೆರೆಯುವುದಿಲ್ಲ. ಮನಸ್ಸು ಬದಲಿಸಲು ನನಗೆ ಒಂದು ಇಡೀ ದಿನ ಸಿಕ್ಕಿದೆ, ನನ್ನ ಮೇಲೆ ನನಗೆ ಅಷ್ಟು ನಂಬಿಕೆಯೂ ಇಲ್ಲ. ಆದ್ದರಿಂದ ಅಂಚೆಗೆ ಹಾಕುವ ದಿನವೆಂದು ಲಕೋಟೆಯ ಮೇಲೆ ಬರೆದದ್ದನ್ನೇ ಇಲ್ಲಿಯೂ ಬರೆದಿಡುತ್ತೇನೆ, ತಪ್ಪಿದರೆ ಈ ಪುಟವೇ ನನ್ನನ್ನು ಹಿಡಿಯಲಿ.

ಏಪ್ರಿಲ್ 6, ಸೋಮವಾರ.